ಎತ್ತರದ ತಂತಿ

“ಅಜ್ಜಾರ, ನನ್ನೊಳಗ ಏನೋ ಕೊರತಿ ಐತಿ. ನಾನು ಮಠ ಬಿಟ್ಟು ಹೋಗಲೇನ್ರಿ?” ಎಂದು ಚನ್ನವೀರ ಗುರುಗಳನ್ನು ಕೇಳಿದ.

ಅವನು ಮಠದ ದಾಸೋಹದಲ್ಲಿ ಆರು ವರ್ಷ ರೊಟ್ಟಿ ಬಡಿದವನು. ಮೂರು ತಿಂಗಳ ಹಿಂದೆ ಗುರುಗಳೇ ಅವನನ್ನು ಒಲೆಯ ಮುಂದಿನಿಂದ ಎಬ್ಬಿಸಿ, ಇನ್ನು ನೀನೂ ಎಲ್ಲರಂತೆ ಧ್ಯಾನಕ್ಕೆ ಕೂರು ಎಂದು ಒಳಗೆ ಕಳಿಸಿದ್ದರು. ರೊಟ್ಟಿ ಬಡಿಯುವಾಗ ತಾನಾಗಿ ನಿಲ್ಲುತ್ತಿದ್ದ ಮನಸ್ಸು ಈಗ ಕಣ್ಣು ಮುಚ್ಚಿದ ಕೂಡಲೇ ಊರು ಸುತ್ತಲು ಹೊರಡುತ್ತಿತ್ತು. ಉಳಿದವರು ಅಲುಗಾಡದೆ ಕೂತಿರುವುದನ್ನು ಕಂಡು ಅವನಿಗೆ ನಾಚಿಕೆಯೂ ಸಂಕಟವೂ ಆಗುತ್ತಿತ್ತು.

ಗುರುಗಳು ಹೋಗು ಎನ್ನಲಿಲ್ಲ, ಇರು ಎನ್ನಲೂ ಇಲ್ಲ. ಒಂದು ಕತೆ ಹೇಳಿದರು.

ಒಬ್ಬ ಮ್ಯಾಂಡೊಲಿನ್ ವಾದಕನಿದ್ದ. ಹಿಟ್ಟಿನ ಗಿರಣಿಯ ಬೆಲ್ಟಿಗೆ ಸಿಕ್ಕಿ ಅವನ ಎಡಗೈಯ ಮೂರು ಬೆರಳುಗಳ ತುದಿ ಹೋಯಿತು. ಗಾಯ ಮಾಯಿತು, ಆದರೆ ತಂತಿ ಒತ್ತುವ ಶಕ್ತಿ ಮರಳಿ ಬರಲಿಲ್ಲ. ಮ್ಯಾಂಡೊಲಿನ್ ಗೋಡೆಯ ಮೊಳೆಗೆ ಏರಿತು. ಯಾರಾದರೂ ಕೇಳಿದರೆ, ಬೇಸರ ಬಂತು, ಬಿಟ್ಟೆ ಎನ್ನುತ್ತಿದ್ದ. ಬೇಸರ ಬಂದವನು ದಿನಕ್ಕೆ ಎರಡು ಸಲ ಅದರ ಧೂಳು ಒರೆಸುವುದಿಲ್ಲ. ಇದು ಅವನ ಹೆಂಡತಿಗೆ ಗೊತ್ತಿತ್ತು.

ಮೂರು ವರ್ಷ ಹೀಗೇ ಕಳೆಯಿತು. ಒಂದು ದಿನ ಅವನ ಕಿವಿಗೆ ಒಂದು ಸುದ್ದಿ ಬಿತ್ತು. ರೈಲ್ವೆ ಕಾಲೊನಿಯಲ್ಲಿ ಒಬ್ಬಳು ಮುದುಕಿ ತೀರಿಹೋದ ಗಂಡನ ಹಳೆಯ ಹವಾಯಿಯನ್ ಗಿಟಾರನ್ನು ಮಾರುತ್ತಾಳಂತೆ. ಆ ಗಿಟಾರನ್ನು ಎದೆಗೆ ಆನಿಸಿ ಹಿಡಿಯುವುದಿಲ್ಲ, ತೊಡೆಯ ಮೇಲೆ ಮಲಗಿಸುತ್ತಾರೆ. ಬೆರಳಿನಿಂದ ತಂತಿಯನ್ನು ಒತ್ತುವುದಿಲ್ಲ, ಹೆಬ್ಬೆರಳಿನಷ್ಟು ಉದ್ದದ ಉಕ್ಕಿನ ತುಂಡೊಂದನ್ನು ಎಡಗೈಯಲ್ಲಿ ಹಿಡಿದು ತಂತಿಗಳ ಮೇಲೆ ಜಾರಿಸುತ್ತಾರೆ. ಇದನ್ನು ಕೇಳಿದ ದಿನ ಅವನಿಗೆ ಊಟ ಸೇರಲಿಲ್ಲ. ಒತ್ತುವ ಕೆಲಸವೇ ಇಲ್ಲದ ವಾದ್ಯ, ತನಗಾಗಿಯೇ ಯಾರೋ ಮಾಡಿಟ್ಟಂತಿತ್ತು. ಮ್ಯಾಂಡೊಲಿನ್ ಮಾರಿದ, ಗಿಟಾರ್ ಕೊಂಡ. ಇದೂ ಕೈಕೊಟ್ಟರೆ ಈ ಜನ್ಮಕ್ಕೆ ಸಂಗೀತ ಮುಗಿಯಿತು ಎಂಬುದು ಅವನಿಗೆ ತಿಳಿದೇ ಇತ್ತು.

ಗಿಟಾರಿನ ತಂತಿಗಳಿಗೆ ತುಕ್ಕು ಹಿಡಿದಿತ್ತು. ತಂತಿ ಬಿಗಿಮಾಡುವ ಎರಡು ಬಿರಡೆಗಳು ತಿರುಗುತ್ತಿರಲಿಲ್ಲ. ಅದನ್ನು ವಾದ್ಯ ರಿಪೇರಿ ಮಾಡುವವನ ಬಳಿಗೆ ಒಯ್ದ. ರಿಪೇರಿಯವನು ಕೈಗುಣವುಳ್ಳವನು, ಕೆಲಸದಲ್ಲಿ ಮೋಸವಿಲ್ಲದವನು. ಆದರೆ ಇಂಥ ಗಿಟಾರ್ ಅವನ ಕೈಗೆ ಎಂದೂ ಬಂದಿರಲಿಲ್ಲ. ಅದನ್ನು ಹೇಗೆ ನುಡಿಸುತ್ತಾರೆಂದು ವಾದಕ ಹೇಳಬೇಕಿತ್ತು. ಹೇಳಹೊರಟರೆ ಬೆರಳಿನ ಸಂಗತಿಯೂ ಬಾಯಿಗೆ ಬರುತ್ತದೆ. ಅವನು ಎಡಗೈಯನ್ನು ಮರೆಮಾಡಿಕೊಂಡು, ಸ್ವಲ್ಪ ಸರಿಮಾಡಿ ಕೊಡಿ ಎಂದಷ್ಟೇ ಹೇಳಿದ. ಗಿಟಾರಿನ ಜೊತೆಗೆ ಬಂದಿದ್ದ ಉಕ್ಕಿನ ತುಂಡು ಜೇಬಿನಲ್ಲೇ ಉಳಿಯಿತು.

ಮರೆಮಾಡಿದರೂ ಆ ಬೆರಳುಗಳು ರಿಪೇರಿಯವನ ಕಣ್ಣಿಗೆ ಬಿದ್ದವು. ಗಿಟಾರಿನ ತಲೆಯ ಬಳಿ, ತಂತಿಗಳ ಕೆಳಗೆ, ಒಂದು ಕಬ್ಬಿಣದ ಪಟ್ಟಿ ಇತ್ತು. ಅದು ತಂತಿಗಳನ್ನು ಬೆರಳು ತೂರುವಷ್ಟು ಎತ್ತರಕ್ಕೆ ಎತ್ತಿ ಹಿಡಿದಿತ್ತು. ಇಷ್ಟು ಎತ್ತರದ ತಂತಿಯನ್ನು ಗಟ್ಟಿ ಬೆರಳಿನವನೇ ಒತ್ತಲಾರ, ಈ ಬಡಪಾಯಿ ಹೇಗೆ ಒತ್ತಿಯಾನು? ಯಾರೋ ತಿಳಿಯದವರು ಹಾಕಿದ ತೇಪೆ ಎಂದುಕೊಂಡು ಪಟ್ಟಿಯನ್ನು ಕಿತ್ತು ಹಾಕಿದ. ಹೊಸ ತಂತಿ ಕಟ್ಟಿದ. ಹಿಡಿಯ ಮೇಲೆ ಅಡ್ಡಗೆರೆಗಳಂತೆ ಎದ್ದಿರುವ ಹಿತ್ತಾಳೆಯ ಮೆಟ್ಟಿಲುಗಳಿಗೆ ತಾಗುವುದೊಂದು ಬಾಕಿ ಎನ್ನುವಷ್ಟು ಕೆಳಕ್ಕೆ ಅವನ್ನು ಇಳಿಸಿದ. ಬಿರಡೆಗಳಿಗೆ ಎಣ್ಣೆ ಬಿಟ್ಟು, ಮರಕ್ಕೆ ಹೊಳಪು ಕೊಟ್ಟ. ಅಷ್ಟು ಅಕ್ಕರೆಯಿಂದ ಅವನು ಬೇರೆ ಯಾರ ಕೆಲಸವನ್ನೂ ಮಾಡಿರಲಿಲ್ಲ. ಗಿಟಾರನ್ನು ಒಪ್ಪಿಸುವಾಗ, ಯಾರೋ ಹಾಕಿದ ಒಂದು ತೇಪೆ ಇತ್ತು, ತೆಗೆದಿದ್ದೇನೆ ಎಂದಷ್ಟೇ ಹೇಳಿದ.

ವಾದಕ ಮನೆಗೆ ಬಂದು ಗಿಟಾರನ್ನು ತೊಡೆಯ ಮೇಲೆ ಮಲಗಿಸಿದ. ಉಕ್ಕಿನ ತುಂಡನ್ನು ತಂತಿಗೆ ತಾಗಿಸಿ ಜಾರಿಸಿದ. ಅದು ಮೆಟ್ಟಿಲಿಗೆ ಬಡಿದು ಕಟಕಟ ಎಂದಿತು. ಕೈ ಹಗುರ ಮಾಡಿದರೆ ಸ್ವರವೇ ಹೊರಡುವುದಿಲ್ಲ, ತುಸು ಬಿಗಿ ಮಾಡಿದರೆ ಮತ್ತೆ ಕಟಕಟ. ಎಂಟು ದಿನ ಹೆಣಗಿದ. ಒಂದು ಸ್ವರವೂ ನೆಟ್ಟಗೆ ಬರಲಿಲ್ಲ. ವಾದ್ಯ ಒಳ್ಳೆಯ ಕೈಯಲ್ಲಿ ರಿಪೇರಿಯಾಗಿ ಬಂದಿದೆ, ಅದರಲ್ಲಿ ದೋಷ ಹುಡುಕಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ಕೆಟ್ಟಿರುವುದು ತನ್ನ ಕೈಯೇ ಎಂದು ತೀರ್ಮಾನಿಸಿಬಿಟ್ಟ. ಒಂಬತ್ತನೆಯ ದಿನ ಗಿಟಾರನ್ನು ಹೊತ್ತುಕೊಂಡು ಮುದುಕಿಯ ಮನೆಗೆ ಹೋಗಿ, ಇದನ್ನು ನೀವೇ ಇಟ್ಟುಕೊಳ್ಳಿ, ನನ್ನ ಕೈಗೆ ಇದು ಒಲಿಯುವುದಿಲ್ಲ ಎಂದ.

ಮುದುಕಿಗೆ ಕಣ್ಣು ಮಂಜು. ತಂತಿಗಳ ಕೆಳಗೆ ಬೆರಳು ತೂರಿಸಲು ನೋಡಿದಳು. ಬೆರಳು ಹೋಗಲಿಲ್ಲ.

“ಇಲ್ಲೊಂದು ಕಬ್ಬಿಣದ ಪಟ್ಟಿ ಇತ್ತಲ್ಲಪಾ, ಎಲ್ಲಿ ಹೋತು?”

“ಅದು ತ್ಯಾಪಿ ಅಂತ ರಿಪೇರಿಯಂವ ತಗದಾನ್ರಿ ಅಮ್ಮಾ.”

“ತ್ಯಾಪಿ ಅಲ್ಲೋ ತಮ್ಮಾ. ತಂತಿ ಎತ್ತರ ಇರಲಿ ಅಂತನ ನಮ್ಮ ಮನಿಯವರು ಅದನ್ನ ಹಾಕ್ಸಿದ್ರು. ಅದಿಲ್ಲಂದ್ರ ಅವರಿಗೂ ಬಾರಸಾಕ ಬರ್ತಿರಲಿಲ್ಲ. ನಿನ್ನ ಕೈಯಾಗ ಏನೂ ಐಬಿಲ್ಲ.”

ವಾದಕ ಅಲ್ಲೇ ಹೊಸ್ತಿಲ ಬಳಿ ಕುಳಿತುಬಿಟ್ಟ. ಎಂಟು ದಿನದ ಸಂಕಟ ಒಂದೇ ಸಲಕ್ಕೆ ಇಳಿದುಹೋಯಿತು. ಅಳು ಬಂತು, ಅವನು ಅದನ್ನು ತಡೆಯಲೂ ಇಲ್ಲ. ಮುದುಕಿ ಒಂದು ಲೋಟ ನೀರು ತಂದುಕೊಟ್ಟು, ಅವನು ಏಳುವ ತನಕ ಅಲ್ಲೇ ನಿಂತಿದ್ದಳು.

ಅಲ್ಲಿಂದ ನೇರವಾಗಿ ರಿಪೇರಿಯವನ ಅಂಗಡಿಗೆ ಹೋದ. ಈ ಸಲ ಉಕ್ಕಿನ ತುಂಡನ್ನೂ ತೋರಿಸಿದ, ಬೆರಳುಗಳನ್ನೂ ತೋರಿಸಿದ. ರಿಪೇರಿಯವನು ನಾಲಿಗೆ ಕಚ್ಚಿಕೊಂಡ. ಗುಜರಿಗೆಂದು ಇಟ್ಟಿದ್ದ ಡಬ್ಬಿಯನ್ನು ನೆಲಕ್ಕೆ ಸುರುವಿ, ಮೊಳೆ ತಗಡುಗಳ ನಡುವೆ ಪಟ್ಟಿಯನ್ನು ಹುಡುಕಿ ತೆಗೆದು, ಇದ್ದ ಜಾಗದಲ್ಲೇ ಕೂರಿಸಿದ. ತಂತಿಗಳು ಮೇಲೆದ್ದವು. ವಾದಕ ಅಂಗಡಿಯ ಕಟ್ಟೆಯ ಮೇಲೆಯೇ ಕುಳಿತು ಉಕ್ಕನ್ನು ಜಾರಿಸಿದ. ಸ್ವರ ಎಲ್ಲೂ ತಡೆಯದೆ ಉದ್ದಕ್ಕೆ ಹರಿಯಿತು. ಮೂರು ವರ್ಷದ ಮೇಲೆ ಅವನ ಕೈಯಿಂದ ಹೊರಟ ಮೊದಲ ಸ್ವರ ಅದು. ಆಮೇಲೆ ಅವನನ್ನು ಆ ಕಟ್ಟೆಯಿಂದ ಎಬ್ಬಿಸುವುದೇ ರಿಪೇರಿಯವನಿಗೆ ಕಷ್ಟವಾಯಿತು.

ಕತೆ ಮುಗಿಯಿತು. ಚನ್ನವೀರನ ಮುಖ ಹಗುರವಾಗಿತ್ತು. “ಆದರೂ ಎಂಥಾ ದಡ್ಡ ರಿಪೇರಿಯಂವ ಅಜ್ಜಾರ. ಚಲೋ ಇದ್ದದ್ದನ್ನ ಕೆಡಿಸಿ ಕೊಟ್ಟ” ಎಂದು ನಕ್ಕ.

ಗುರುಗಳು ನಗಲಿಲ್ಲ. ಅವನ ಮುಖ ನೋಡುತ್ತ ಹೇಳಿದರು:

“ದಡ್ಡ ಅಲ್ಲಪಾ, ಅಂವಗ ಅಕ್ಕರತಿ ಹೆಚ್ಚು; ಮೂರು ತಿಂಗಳ ಹಿಂದ ಒಲಿ ಮುಂದಿಂದ ಎಬ್ಬಿಸಿ ನಾ ನಿನಗ ಮಾಡಿದ್ದೂ ಅದನ್ನ.”