ಕಬ್ಬಿನ ಗಾಡಿಯ ಜೋಡೆತ್ತು

"ಅಜ್ಜಾರೇ, ದುಡಿದವನಿಗೇ ಈ ದೇಹ ಯಾಕೆ ದ್ರೋಹ ಮಾಡುತ್ತದೆ?"

ಮಠದ ಜಗಲಿಯಲ್ಲಿ ಕೂರುವ ಮೊದಲೇ ಗುರುಗಳನ್ನು ಕೇಳಿದ ಗವಿಸಿದ್ಧ. ಡಿಗ್ರಿ ಕೊನೆಯ ವರ್ಷದ ಹುಡುಗ. ಆ ಬೆಳಿಗ್ಗೆ ಪರೀಕ್ಷೆಗೆಂದು ಮೂರನೇ ಮಹಡಿಗೆ ಹತ್ತುವಾಗ ಕಣ್ಣು ಕತ್ತಲಿಟ್ಟು ಮೆಟ್ಟಿಲ ಮೇಲೇ ಬಿದ್ದಿದ್ದ. ನೀರು ಚಿಮುಕಿಸಿ ಎಬ್ಬಿಸುವಷ್ಟರಲ್ಲಿ ಹೊತ್ತು ಮೀರಿತ್ತು, ಒಳಗೆ ಬಿಡಲಿಲ್ಲ. ನಾಡಿದ್ದು ಇನ್ನೊಂದು ಪತ್ರಿಕೆ. ಅದೂ ಹೋದರೆ ವರ್ಷವೇ ಹೋದಂತೆ.

"ಎರಡು ತಿಂಗಳು ಕೂತಲ್ಲಿಂದ ಏಳದೆ ಓದಿದ್ದೇನೆ. ಊಟಕ್ಕೆ ಹೊತ್ತು ಹೋಗುತ್ತದೆಂದು ಚಹಾ, ಬನ್ನಿನಲ್ಲೇ ದಿನ ದೂಡಿದೆ. ಆಟ ಬಿಟ್ಟೆ. ನಡೆಯುವುದನ್ನೂ ಬಿಟ್ಟೆ, ಕಾಲೇಜಿಗೆ ಬೈಕಿನ ಹಿಂದೆ ಕೂತೇ ಹೋದೆ. ಪಕ್ಕದ ಕೋಣೆಯವನು ಹೊತ್ತುಹೊತ್ತಿಗೆ ರೊಟ್ಟಿ ಬಾರಿಸಿ, ಸಂಜೆ ವಾಲಿಬಾಲ್ ಆಡಿಕೊಂಡಿದ್ದ. ಅವನು ಇವತ್ತು ನಗುನಗುತ್ತ ಬರೆದು ಬಂದ. ಇದು ಯಾವ ನ್ಯಾಯ?"

"ಒಂದು ಕತೆ ಇದೆ," ಎಂದರು ಅಜ್ಜಾರು. "ನಾನು ಕಣ್ಣಾರೆ ಕಂಡದ್ದು. ಹೋದ ಸಲ ಹೇಳಿದಾಗ ಅದರಲ್ಲಿ ಕತ್ತೆಗಳಿದ್ದವು ಅಂತ ಯಾರಾದರೂ ಅಂದರೆ ನಂಬಬೇಡ."

ಒಬ್ಬ ರೈತನಿದ್ದ. ಕಬ್ಬು ಬೆಳೆದಿದ್ದ. ಊರಿಗೆಲ್ಲ ಒಂದೇ ಗಾಣ, ಅದೂ ದಿಣ್ಣೆಯ ಮೇಲೆ. ಕಬ್ಬು ಅರೆಯಲು ಒಬ್ಬೊಬ್ಬರಿಗೆ ಒಂದೊಂದು ದಿನದ ಪಾಳಿ. ಪಾಳಿ ತಪ್ಪಿದರೆ ಮತ್ತೆ ಹದಿನೈದು ದಿನ ಕಾಯಬೇಕು. ಅಷ್ಟರಲ್ಲಿ ಕಡಿದ ಕಬ್ಬು ಒಣಗಿ ಸೌದೆಯಾಗುತ್ತದೆ.

ರೈತ ಹಗಲೆಲ್ಲ ಕಬ್ಬಿನ ಸೇವೆಯಲ್ಲಿದ್ದ. ಜೋಳದ ಕಣಿಕೆ ಕೊಚ್ಚಿ ಎತ್ತುಗಳ ಮುಂದೆ ಹಾಕಲು ಪುರುಸೊತ್ತಿಲ್ಲ. ಬಾಯಿಗೆ ಒಂದೊಂದು ಉಂಡೆ ಬೆಲ್ಲ ತುರುಕಿದ. ಎತ್ತುಗಳ ಕಣ್ಣು ಮಿನುಗಿದವು, ಬಾಲ ಎದ್ದವು. ಕಣಿಕೆ ಯಾತಕ್ಕೆ, ಇದೇ ಸಾಕು ಎಂದುಕೊಂಡ. ಹೊರಗೆ ಬಿಟ್ಟರೆ ಶಕ್ತಿ ಸವೆದೀತೆಂದು ಎರಡು ತಿಂಗಳು ಗೂಟಕ್ಕೇ ಕಟ್ಟಿದ. ಉಳಿಸಿದ ಶಕ್ತಿಯೆಲ್ಲ ಪಾಳಿಯ ದಿನ ಒಟ್ಟಿಗೇ ಹೊರಬರುತ್ತದೆ ಎಂದು ಅವನ ನಂಬಿಕೆ.

ನೆರೆಮನೆಯ ಮುದುಕಿ ಬೇಲಿಯಾಚೆಯಿಂದ ಕೇಳಿದಳು: "ಏನಪ್ಪಾ, ಎತ್ತು ಸಾಕಿದ್ದೀಯೋ, ಉಪ್ಪಿನಕಾಯಿ ಹಾಕಿದ್ದೀಯೋ?"

"ನೀನು ಸುಮ್ಮನಿರಬೇ. ಪಾಳಿಯ ದಿನ ನೋಡುವಿಯಂತೆ," ಎಂದ.

ಆ ದಿನ ಬಂತು. ಗಾಡಿ ತುಂಬ ಕಬ್ಬು ಹೇರಿ ಹೂಡಿದ. ಬಯಲಿನಲ್ಲಿ ಎತ್ತುಗಳು ಓಡಿಯೇ ಓಡಿದವು. ದಿಣ್ಣೆಯ ಅರ್ಧಕ್ಕೆ ಬಂದು ಎರಡೂ ಮೊಣಕಾಲೂರಿದವು. ಮೇಲೆ ಗಾಣ ಕಾಣುತ್ತಿತ್ತು. ರೈತ ಬಾರುಕೋಲು ಎತ್ತಿದ. ಬೆಲ್ಲ ತಿನ್ನಿಸಿದವನಿಗೆ ಒಂದು ದಿನದ ಕೆಲಸ ಮಾಡಲಾರಿರಾ, ದ್ರೋಹಿಗಳಾ, ಎಂದು ಬೆನ್ನ ಚರ್ಮ ಸುಲಿಯುವಂತೆ ಬಾರಿಸಿದ. ಅವು ಏಳಲಿಲ್ಲ. ಹಿಂದಿನ ಗಾಡಿಗಳು ಒಂದೊಂದಾಗಿ ದಾಟಿಹೋದವು. ಪಾಳಿಯೂ ಹೋಯಿತು.

ಗವಿಸಿದ್ಧನಿಗೆ ತಡೆಯಲಾಗಲಿಲ್ಲ. ತನ್ನ ಪರೀಕ್ಷೆಯನ್ನೇ ಮರೆತು ಎದ್ದು ನಿಂತ. "ಎಂಥ ಮನುಷ್ಯ ಅಜ್ಜಾರೇ ಅವನು. ಹೊಟ್ಟೆಗೆ ಹಾಕಲಿಲ್ಲ, ಕಾಲಾಡಿಸಲು ಬಿಡಲಿಲ್ಲ, ಮೇಲೆ ಬಡಿಯುವುದು ಬೇರೆ. ಆ ನೊಗವನ್ನು ಅವನ ಹೆಗಲಿಗೇ ಇಡಬೇಕಿತ್ತು. ಪಾಪ, ಮೂಕಪ್ರಾಣಿಗಳು ಏನು ತಪ್ಪು ಮಾಡಿದ್ದವು?"

ಅಜ್ಜಾರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಇವತ್ತು ಬೆಳಿಗ್ಗೆ ಅವುಗಳಿಗೆ ಏನು ಹಾಕಿ ಮೆಟ್ಟಿಲು ಹತ್ತಿಸಿದೆ, ತಮ್ಮಾ?"