ಬಳೆಗಾರನ ಮದ್ದು

"ಅವ್ವ, ಮನಸ್ಸಿನಲ್ಲೇ ಹೋಗಿ ಹರಕೆ ತೀರಿಸಿ ಬಂದರೆ ದೇವರು ಬೇಡ ಅನ್ನುತ್ತಾನೆಯೇ?" ಎಂದು ಶಿಷ್ಯೆ ಕೇಳಿದಳು.

ಹರಕೆ ತೀರಿಸಲು ಗುಡಿಗೆ ಹೊರಟಿದ್ದ ಗುರು-ಶಿಷ್ಯೆಯರಿಗೆ ದಾರಿ ತಪ್ಪಿತ್ತು. ಕಲ್ಲು ಒಡೆಯುತ್ತಿದ್ದವನನ್ನು ವಿಚಾರಿಸಿದರೆ, "ಗುಡಿ ಹಿಂದೆಯೇ ಉಳಿಯಿತಲ್ಲ ತಾಯಿ, ಕೆರೆಯ ಹತ್ತಿರ ತಿರುಗಬೇಕಿತ್ತು" ಎಂದಿದ್ದ. ಶಿಷ್ಯೆಯ ಪಾದದಲ್ಲಿ ಬೊಬ್ಬೆ ಎದ್ದಿತ್ತು. "ಮಾನಸಪೂಜೆ ದೊಡ್ಡದು ಎಂದವರು ನೀವೇ" ಎಂದೂ ಸೇರಿಸಿದಳು.

ಗುರು ಕಲ್ಲಿನ ಮೇಲೆ ಕುಳಿತು ಒಂದು ಕಥೆ ಹೇಳಿದರು.

ಒಬ್ಬ ಬಳೆಗಾರನಿದ್ದ. ವಯಸ್ಸಾದಂತೆ ಅವನ ಕೈ ಬಿಗಿದು ನಡುಗತೊಡಗಿತು. ತೊಡಿಸಹೋದ ಬಳೆ ಗೆಣ್ಣಿನ ಹತ್ತಿರ ಚೂರಾಗುತ್ತಿತ್ತು. ಅವನನ್ನು ಕಂಡರೆ ಹೆಂಗಸರು ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದರು. ಅಷ್ಟರಲ್ಲಿ ಗೌಡರ ಮನೆಯಲ್ಲಿ ಮದುವೆ ಕೂಡಿಬಂತು. ಆ ಮನೆಯ ಮದುಮಗಳಿಗೆ ಬಳೆ ತೊಡಿಸುವ ಹಕ್ಕು ತಾತನ ಕಾಲದಿಂದ ಅವನ ಮನೆತನದ್ದು. ಒಂದು ಬಳೆ ಒಡೆದರೂ ಹಕ್ಕು ಪಕ್ಕದೂರಿನ ಬಳೆಗಾರನಿಗೆ ಎಂದು ಗೌಡತಿ ಹೇಳಿಕಳಿಸಿದಳು.

ಅವನು ವೈದ್ಯನ ಬಳಿಗೆ ಓಡಿದ.

"ಕಣ್ಣು ಮುಚ್ಚಿ ಮನಸ್ಸಿನಲ್ಲೇ ಒಂದು ಬಳೆ ತೊಡಿಸು" ಎಂದ ವೈದ್ಯ.

ಬಳೆಗಾರ ಬಹಳ ಹೊತ್ತು ಬೆವರಿದ.

"ಏನಾಯಿತು?"

"ಅಲ್ಲಿಯೂ ಗೆಣ್ಣಿಗೇ ಸಿಕ್ಕಿಕೊಂಡಿದೆ ಸ್ವಾಮಿ."

"ಹಾಗಾದರೆ ಕೊರತೆ ಬೆರಳಿನದಲ್ಲ, ತಲೆಯದು." ವೈದ್ಯ ನಸುಗುನ್ನಿ ಬೀಜದ ಪುಡಿ ಕಟ್ಟಿಕೊಟ್ಟ. "ದಿನಕ್ಕೆ ಒಂದೇ ಸಲ, ಹಾಲಿನಲ್ಲಿ. ಒಂದು ಗಳಿಗೆಗೆ ಹತ್ತುತ್ತದೆ, ನಾಲ್ಕು ಗಳಿಗೆಗೆ ಇಳಿಯುತ್ತದೆ."

ಮದುವೆಯ ದಿನ ಬಳೆಗಾರ ಗೌಡರ ಜಗಲಿಯಲ್ಲೇ ಮದ್ದು ಕುಡಿದ. ಹತ್ತಿದೆಯೋ ಇಲ್ಲವೋ? ನಿಜದ ಬಳೆಯಲ್ಲಿ ಪರೀಕ್ಷೆ ಮಾಡಲು ಧೈರ್ಯ ಬರಲಿಲ್ಲ. ಕಣ್ಣು ಮುಚ್ಚಿ ಮನಸ್ಸಿನಲ್ಲಿ ಒಂದು ತೊಡಿಸಿ ನೋಡಿದ. ಬೆಣ್ಣೆಯಿಂದ ಕೂದಲು ಎಳೆದ ಹಾಗೆ ಜಾರಿತು. ಇನ್ನೊಂದು ನೋಡೋಣ ಎನಿಸಿತು. ಮದುಮಗಳ ಎರಡೂ ಕೈ ತುಂಬಿಸಿದ. ಸೋದರತ್ತೆಯರನ್ನು ಕೂರಿಸಿದ. ಕೈ ಎಳೆದುಕೊಂಡಿದ್ದ ಹೆಂಗಸರನ್ನೆಲ್ಲ ಹೆಸರು ಹಿಡಿದು ಕರೆದು ತೊಡಿಸಿದ. ಕೊನೆಗೆ ಗೌಡತಿಯ ಕೈ; ಊರಿಗೇ ದಪ್ಪ ಕೈ. ಅದನ್ನೂ ಬಿಡಲಿಲ್ಲ.

"ಏನಯ್ಯಾ, ಮದುವೆಮನೆಯಲ್ಲಿ ನಿದ್ದೆಯೇ?" ಗೌಡತಿಯ ಸ್ವರ ಕೇಳಿ ಕಣ್ಣು ಬಿಟ್ಟ.

"ನಿದ್ದೆ ಎಲ್ಲಿಂದ ಬರಬೇಕು ತಾಯಿ, ಇಡೀ ಊರಿಗೆ ತೊಡಿಸಿ ಈಗ ತಾನೆ ಮುಗಿಸಿದೆ. ಒಂದೂ ಒಡೆಯಲಿಲ್ಲ."

"ಸಂತೋಷ. ಇವಳೊಬ್ಬಳು ಉಳಿದಿದ್ದಾಳೆ" ಎಂದು ಗೌಡತಿ ಮಗಳನ್ನು ಮುಂದೆ ಕೂರಿಸಿದಳು.

ಮದುಮಗಳು ಬರಿಗೈ ಚಾಚಿದಳು. ನಾಲ್ಕು ಗಳಿಗೆ ಕಳೆದಿತ್ತು. ಮೊದಲ ಬಳೆಯೇ ಗೆಣ್ಣಿನ ಹತ್ತಿರ ಚೂರಾಯಿತು.

"ಹಕ್ಕು ಹೋಯಿತೇ?" ಎಂದಳು ಶಿಷ್ಯೆ.

"ಪಕ್ಕದೂರಿನವನು ಬಾಗಿಲಲ್ಲೇ ನಿಂತಿದ್ದ."

"ಆದರೂ ಅವ್ವ, ಮನಸ್ಸಿನಲ್ಲಿ ತೊಡಿಸಿದ್ದು ಸುಳ್ಳೇನಲ್ಲವಲ್ಲ. ಮದ್ದು ಅಲ್ಲಿಯೂ ಕೆಲಸ ಮಾಡಿತ್ತು."

ಗುರು ಎದ್ದು ಸೀರೆ ಕೊಡವಿಕೊಂಡರು.

"ಮನಸ್ಸಿನ ಕೈ, ಮೈಯ ಕೈ ಎರಡೂ ಮದ್ದಿಗೆ ಒಂದೇ ಮಗಳೇ, ಮದುಮಗಳಿಗಲ್ಲ."

ಶಿಷ್ಯೆ ಕುಂಟುತ್ತಲೇ ಕೆರೆಯ ಕಡೆಗೆ ತಿರುಗಿ ನಡೆದಳು.