ಮೀಟರಿನ ಕೆಂಪು ದೀಪ

ಹೊಳೆದಂಡೆಯ ಆಶ್ರಮದಲ್ಲಿ ಹನ್ನೊಂದು ಜನ. ದಿನಕ್ಕೆ ಒಂಬತ್ತು ಯುನಿಟ್ ಕರೆಂಟು ಖರ್ಚಾಗುತ್ತಿತ್ತು.

“ಇಷ್ಟು ಎಲ್ಲಿ ಹೋಗುತ್ತಿದೆ, ಹುಡುಕು,” ಎಂದರು ಗುರು ಮರುಳಯ್ಯ.

ಶಿಷ್ಯ ವಿರೂಪಣ್ಣ ಬೆಳಿಗ್ಗೆ ಸಂಜೆ ಮೀಟರ್ ನೋಡಿ ಬರೆದಿಟ್ಟ. ಐದನೇ ದಿನ ಬಂದು ಹೇಳಿದ:

“ನೀಲವ್ವನ ಫ್ಯಾನು, ಗುರುಗಳೇ. ಹಗಲೆಲ್ಲ ತಿರುಗುತ್ತಿರುತ್ತದೆ.”

“ಫ್ಯಾನಿಗೆ ಎಷ್ಟು ಬೇಕು, ಅಳೆದೆಯಾ?”

“ಕಣ್ಣಿಗೇ ಕಾಣುತ್ತದಲ್ಲ.”

ಗುರು ಮಾತಾಡಲಿಲ್ಲ. ಅದನ್ನು ಒಪ್ಪಿಗೆಯೆಂದುಕೊಂಡ ವಿರೂಪಣ್ಣ, ಮಧ್ಯಾಹ್ನ ಹೋಗಿ ಫ್ಯಾನ್ ನಿಲ್ಲಿಸಿದ.

ನೀಲವ್ವ ಹಾಸಿಗೆ ಹಿಡಿದ ಮುದುಕಿ. ಕಡುಬೇಸಗೆ. ಮೂರನೇ ದಿನ ಆಕೆಗೆ ಎಚ್ಚರ ತಪ್ಪಿತು.

ಮುಖಕ್ಕೆ ನೀರು ಚಿಮುಕಿಸಿ, ಫ್ಯಾನ್ ಹಾಕಿ, ಎಲ್ಲರೂ ಸುತ್ತ ನಿಂತರು. ಕಣ್ಣು ಬಿಟ್ಟವಳು ವಿರೂಪಣ್ಣನನ್ನೇ ನೋಡಿದಳು.

“ಕರೆಂಟ್ ಉಳೀತೇನೋ ತಮ್ಮಾ?”

ಆ ಮೂರು ದಿನ ಉಳಿದದ್ದು ದಿನಕ್ಕೆ ಅರ್ಧ ಯುನಿಟ್.

ಮರುದಿನ ಬೆಳಿಗ್ಗೆ ತಂಪು ಹೊತ್ತಿನಲ್ಲಿ ಗುರು ಅವನನ್ನು ಕರೆದರು.

“ಎಲ್ಲ ಸ್ವಿಚ್ಚೂ ಆರಿಸಿ ಬಾ.”

ಅವನು ಅಡುಗೆಮನೆ, ಶಿಷ್ಯರ ಕೋಣೆಗಳು, ನೀಲವ್ವನ ಕೋಣೆ ಸುತ್ತಿ ಆರಿಸಿ ಬಂದ.

“ಈಗ ಮೀಟರ್ ನೋಡು.”

ಕರೆಂಟು ಖರ್ಚಾಗುವಾಗ ಮಾತ್ರ ಮಿನುಗುವ ಮೀಟರಿನ ಕೆಂಪು ದೀಪ ಇನ್ನೂ ಮಿನುಗುತ್ತಿತ್ತು.

“ಫ್ಯೂಸುಗಳನ್ನು ಒಂದೊಂದಾಗಿ ತೆಗೆ.”

ನಾಲ್ಕನೆಯದನ್ನು ತೆಗೆದಾಗ ದೀಪ ಮಿನುಗುವುದು ನಿಂತಿತು. ಫ್ಯೂಸಿನ ಮೇಲೆ ಅಂಟಿಸಿದ್ದ ಚೀಟಿ ಓದಿ ವಿರೂಪಣ್ಣ ತಡವರಿಸಿದ.

“ಇದು ನಿಮ್ಮ ಕೋಣೆಯದು.”

“ನಡೆ, ನೋಡೋಣ.”

ಗುರುವಿನ ಬಚ್ಚಲಲ್ಲಿ ಒಂದು ಗೀಸರ್ ಇತ್ತು. ಎಂದೋ ಅವರಿಗೆ ಜ್ವರ ಬಂದಾಗ ಭಕ್ತರೊಬ್ಬರು ಹಾಕಿಸಿದ್ದು. ಗುಣವಾದ ಮೇಲೆ ಅವರು ಮತ್ತೆ ಹೊಳೆಯಲ್ಲೇ ಮೀಯತೊಡಗಿದ್ದರು. ಅಂದಿನಿಂದ ಬಚ್ಚಲ ಬಾಗಿಲನ್ನು ಯಾರೂ ತೆರೆದಿರಲಿಲ್ಲ. ಗೀಸರಿನ ಸ್ವಿಚ್ ಆರಿಸಿರಲಿಲ್ಲ. ಬಿಸಿನೀರಿನ ನಲ್ಲಿ ಸಣ್ಣಗೆ ಸೋರುತ್ತಿತ್ತು. ಸೋರಿದಷ್ಟೂ ಹೊಸ ನೀರು ಬಂದು ಕಾಯುತ್ತಿತ್ತು, ಹಗಲೂ ರಾತ್ರಿ.

ಗುರು ಸೋರುವ ನೀರಿಗೆ ಕೈಯೊಡ್ಡಿ ಹಿಂದೆಗೆದರು. ಸ್ವಿಚ್ ಆರಿಸಿದರು.

“ನನ್ನ ಕೋಣೆಗೆ ಯಾಕೆ ಬರಲಿಲ್ಲ?”

“ನಿಮ್ಮನ್ನು ಹೇಗೆ ಅನುಮಾನಿಸಲಿ, ಗುರುಗಳೇ?”

“ನೀಲವ್ವನನ್ನು ಹೇಗೆ ಅನುಮಾನಿಸಿದೆ?”

ವಿರೂಪಣ್ಣ ತಲೆ ತಗ್ಗಿಸಿದ. “ತಪ್ಪಾಯಿತು. ಹೋಗಿ ಆಕೆಯ ಕಾಲಿಗೆ ಬೀಳುತ್ತೇನೆ.”

“ನಿಲ್ಲು,” ಎಂದರು ಗುರು, ಹೆಗಲ ಮೇಲಿನ ವಸ್ತ್ರ ಸರಿಪಡಿಸಿಕೊಳ್ಳುತ್ತ. “ಮೊದಲು ಬೀಳಬೇಕಾದವನು ನಾನು.”